ತಾಲ್ಲೂಕು ವಾರಪತ್ರಿಕೆ ಕೈಗೆ ಬಂದಿದೆ. ನಿಲ್ಲಿಸದೆ ಬೆಳೆಸುವುದು ಹೇಗೆ?

ಘಟ್ಟದಂಚಿನವನು

ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರದ ಕಡೆಯವನು. ನಮ್ಮ ದೊಡ್ಡಪ್ಪ ಬಹಳ ವರ್ಷ ನಡೆಸಿದ ವಾರಪತ್ರಿಕೆ ಈಗ ನನ್ನ ಹೆಗಲಿಗೆ ಬಂದಿದೆ. ಟ್ಯಾಬ್ಲಾಯ್ಡ್ ಸೈಜು, ಎಂಟು ಪುಟ, ಗುರುವಾರ ಹೊರಗೆ ಬರುತ್ತದೆ. ಸಕಲೇಶಪುರ, ಆಲೂರು, ಬೇಲೂರು ಮೂರು ತಾಲ್ಲೂಕಿಗೆ ಹೋಗುತ್ತದೆ. ಹೆಸರು ಇಲ್ಲಿ ಹಾಕುವುದಿಲ್ಲ. ಗೊತ್ತಿದ್ದವರಿಗೆ ಗೊತ್ತಾಗುತ್ತದೆ.

ಪರಿಸ್ಥಿತಿ ಹೇಳುತ್ತೇನೆ. ಚಂದಾದಾರರಿಗೆ ಹೋಗುವುದು ಅರ್ಧಕ್ಕಿಂತ ಕಡಿಮೆ. ಉಳಿದದ್ದು ಅಂಗಡಿ, ಕಚೇರಿ, ಪುಕ್ಕಟೆ ಪ್ರತಿ. ಆದಾಯ ಬರುವುದೆಲ್ಲ ಹೆಚ್ಚುಕಮ್ಮಿ ಜಾಹೀರಾತಿನಿಂದ. ಅದರಲ್ಲೂ ಹುಟ್ಟುಹಬ್ಬದ ಶುಭಾಶಯ, ಹಬ್ಬದ ಶುಭಾಶಯ, ಸೊಸೈಟಿಗಳ ಮಹಾಸಭೆ ನೋಟಿಸು. ಬರೆಯುವುದು ನಾನು. ಪುಟ ಕಟ್ಟಲು ಒಬ್ಬ ಹುಡುಗ ಇದ್ದಾನೆ. ಬಾಕಿ ವಸೂಲಿಗೆ ಅಲೆಯುವುದೂ ನಾನೇ.

ಗುರುವಾರ ಪತ್ರಿಕೆ ಕೈಗೆ ಸಿಗುವ ಹೊತ್ತಿಗೆ ಸುದ್ದಿ ಹಳಸಿರುತ್ತದೆ. ಆನೆ ಗದ್ದೆಗಿಳಿದರೆ ಐದು ನಿಮಿಷಕ್ಕೆ ವಾಟ್ಸಾಪ್‌ನಲ್ಲಿ ವಿಡಿಯೊ. ಶಿರಾಡಿಯಲ್ಲಿ ಮಣ್ಣು ಜರಿದರೆ ಅರ್ಧ ಗಂಟೆಯಲ್ಲಿ ಮಂಗಳೂರಿನವರಿಗೂ ಗೊತ್ತು. ಹಾಗಾದರೆ ನಾನು ಯಾಕೆ ಪ್ರಿಂಟ್ ಮಾಡಬೇಕು? ಅನುಭವ ಇದ್ದವರು ಹೇಳಿ. ಸುಮ್ನೆ ಡಿಜಿಟಲ್ ಮಾಡಿ ಅನ್ನಬೇಡಿ, ಆ ಸಲಹೆ ಈಗಾಗಲೇ ಜಾಸ್ತಿ ಸಿಕ್ಕಿದೆ.

ಅನುಮಾನಪ್ಪ

ಡಿಜಿಟಲ್ ಮಾಡಿ.

ತಮಾಷೆಗೆ ಅಂದೆ, ಬೈಯಬೇಡಿ. ನಿಜ ಹೇಳಲಾ? ನಮ್ಮ ಜಿಲ್ಲೆಯಲ್ಲಿ ವಾರಪತ್ರಿಕೆ ಅಂದ ಕೂಡಲೇ ಜನಕ್ಕೆ ನೆನಪಾಗುವುದು ಬೈಕ್ ಮೇಲಿನ ಪ್ರೆಸ್ ಸ್ಟಿಕರ್ ಮತ್ತು ರೋಲ್‌ಕಾಲ್. ನಿಮ್ಮದು ಹಾಗಲ್ಲ ಅಂತಲೇ ಇಟ್ಟುಕೊಳ್ಳೋಣ. ಊರಿನವರು ಯಾಕೆ ನಂಬಬೇಕು? ಜುಲೈ 1 ಬಂದರೆ ಪತ್ರಿಕಾ ದಿನಾಚರಣೆ, 1843ರ ಮಂಗಳೂರ ಸಮಾಚಾರದ ಮೇಲೆ ಒಂದು ಭಾಷಣ, ಹಾರ, ಶಾಲು. ಜುಲೈ 2ಕ್ಕೆ ಮತ್ತೆ ಯಾವುದೋ ಮುಖಂಡರ ಹುಟ್ಟುಹಬ್ಬದ ಪುಟ. ಮೊದಲು ಅದಕ್ಕೆ ಉತ್ತರ ಕೊಡಿ, ಆಮೇಲೆ ಬೆಳೆಸುವ ಮಾತು.

ಬಯಲುಸೀಮೆ ವಾರದವರು

ಅನುಮಾನಪ್ಪನವರ ಮಾತು ಖಾರ, ಆದರೆ ಸುಳ್ಳಲ್ಲ. ನಾನು ಅರಸೀಕೆರೆ ಕಡೆ ವಾರಪತ್ರಿಕೆ ನಡೆಸಿ, ಈಗ ಮಗಳಿಗೆ ಬಿಟ್ಟುಕೊಟ್ಟು ಪ್ರೂಫ್ ಮಾತ್ರ ನೋಡುತ್ತಿದ್ದೇನೆ. ಅಂದಹಾಗೆ ಆ ಮಂಗಳೂರ ಸಮಾಚಾರ ಕಲ್ಲಚ್ಚಿನಲ್ಲಿ, ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಆವತ್ತೂ ಬಾಯಿಮಾತಿಗಿಂತ ಪತ್ರಿಕೆ ನಿಧಾನವೇ ಇತ್ತು. ನಿಧಾನ ಅನ್ನುವುದು ಹೊಸ ಕಾಯಿಲೆ ಏನಲ್ಲ.

ತಮ್ಮಾ, ಮೊದಲು ಸುದ್ದಿ ಕೊಡುವ ಪಂದ್ಯದಿಂದ ಹೊರಗೆ ಬಂದುಬಿಡಿ. ಅದು ಮುಗಿದ ಆಟ. ಆನೆ ಬಂತು ಅನ್ನುವುದನ್ನು ವಾಟ್ಸಾಪ್ ಹೇಳಲಿ. ಆ ಗದ್ದೆಯವನಿಗೆ ಪರಿಹಾರ ಬಂತಾ? ಅರ್ಜಿ ಯಾವ ಮೇಜಿನ ಮೇಲಿದೆ? ಕಾಗದದಲ್ಲಿ ಏನು ಕೊರತೆ ಅಂತ ವಾಪಸ್ ಕಳಿಸಿದರು? ಮೂರು ತಿಂಗಳಾದ ಮೇಲೆ ಇದನ್ನು ಕೇಳುವವರು ಊರಿನಲ್ಲಿ ಒಬ್ಬರೂ ಇಲ್ಲ. ಆ ಜಾಗ ಖಾಲಿ ಇದೆ. ಅಲ್ಲಿ ಕೂತುಕೊಳ್ಳಿ.

2023ರ ಡಿಸೆಂಬರ್ 4ಕ್ಕೆ ನಿಮ್ಮ ಯಸಳೂರು ವಲಯದಲ್ಲಿ ದಸರಾ ಆನೆ ಅರ್ಜುನ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತಾಗ ರಾಜ್ಯದ ಕ್ಯಾಮೆರಾಗಳೆಲ್ಲ ಅಲ್ಲಿಗೆ ಬಂದವು. ಬಂದಂತೆ ಹೋದವು. ಅವು ಹೋದ ಮೇಲೂ ಆ ಕಾಡಂಚಿನ ಊರುಗಳಲ್ಲಿ ಆನೆ ಇತ್ತು, ಗದ್ದೆ ಇತ್ತು, ಪರಿಹಾರದ ಅರ್ಜಿ ಇತ್ತು. ಅದು ನಿಮ್ಮ ಪುಟ.

ನಾವು ಮಾಡಿದ್ದು ಇಷ್ಟೇ. ಮೂರನೇ ಪುಟದಲ್ಲಿ ಅರ್ಧ ಜಾಗ ಕಾಯಂ ಆಗಿ ಹಳೆ ಸುದ್ದಿಗೆ ಇಟ್ಟೆವು. ಎಡಗಡೆ, ಯಾರು ಯಾವ ತಾರೀಕು ಏನು ಹೇಳಿದ್ದರು. ಬಲಗಡೆ, ಇವತ್ತು ಏನಾಗಿದೆ. ಕೆರೆ ಏರಿ ಒಂದು ತಿಂಗಳಲ್ಲಿ ದುರಸ್ತಿ ಅಂದಿದ್ದರು, ಇನ್ನೂ ಆಗಿಲ್ಲ. ಅಷ್ಟೇ. ಬೈಗುಳ ಇಲ್ಲ, ಅಬ್ಬರದ ತಲೆಬರಹ ಇಲ್ಲ. ಮುಂದಿನ ವಾರ ಮತ್ತೆ ಅದೇ ಸಾಲು, ಹೊಸ ತಾರೀಕು. ಕೆಲಸ ಆದರೆ "ಆಯಿತು" ಅಂತ ಅಷ್ಟೇ ದೊಡ್ಡದಾಗಿ ಹಾಕುತ್ತಿದ್ದೆವು. ಇದು ಮುಖ್ಯ. ಕೆಲಸ ಮಾಡಿದ ಅಧಿಕಾರಿಗೂ ಆ ಪುಟ ಬೇಕಾಗುತ್ತದೆ. ಜನ ಪತ್ರಿಕೆ ತೆಗೆದು ಮೊದಲು ಮೂರನೇ ಪುಟಕ್ಕೆ ಹೋಗುವುದು ಶುರುವಾಯಿತು.

ಇನ್ನೊಂದು. ಪುರಸಭೆ ಸಾಮಾನ್ಯ ಸಭೆಗೆ ಹೋಗಿ ಕೂತುಕೊಳ್ಳಿ. ಪೂರ್ತಿ ಕೂತುಕೊಳ್ಳಿ. ಗಲಾಟೆ ಆದಾಗ ಎಲ್ಲರೂ ಬರೆಯುತ್ತಾರೆ. ಗಲಾಟೆ ಇಲ್ಲದೆ ಪಾಸಾದ ವಿಷಯಗಳಲ್ಲೇ ದುಡ್ಡಿರುತ್ತದೆ. 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೆ ಒಂದಾದರೂ ಗ್ರಾಮಸಭೆ ನಡೆಯಬೇಕು. ನಿಮ್ಮ ಮೂರು ತಾಲ್ಲೂಕಿನಲ್ಲಿ ಎಲ್ಲಿ ನಡೆಯಿತು, ಎಲ್ಲಿ ಬರೀ ಸಹಿ ಹಾಕಿಸಿಕೊಂಡರು ಅಂತ ಒಂದು ಪಟ್ಟಿ ಹಾಕಿ ನೋಡಿ. ಆ ಸಂಚಿಕೆಯ ಒಂದು ಪ್ರತಿಯೂ ಉಳಿಯುವುದಿಲ್ಲ.

ಮಾಹಿತಿ ಹಕ್ಕು ಅರ್ಜಿ ಹಾಕುವುದನ್ನು ಅಭ್ಯಾಸ ಮಾಡಿಕೊಳ್ಳಿ. ಹತ್ತು ರೂಪಾಯಿ ಶುಲ್ಕ, 30 ದಿನದ ಗಡುವು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದದೊಳಗೆ. ಟಿವಿಯವರಿಗೆ 30 ದಿನ ಕಾಯುವ ತಾಳ್ಮೆ ಇಲ್ಲ. ವಾರಪತ್ರಿಕೆಗೆ ಅದು ನಾಲ್ಕು ಸಂಚಿಕೆ ಅಷ್ಟೇ.

ತೋಟದ ಮನೆ

ನಾನು ಓದುಗಳಾಗಿ ಹೇಳುತ್ತೇನೆ, ಪತ್ರಿಕೆ ನಡೆಸಿ ಗೊತ್ತಿಲ್ಲ. ಮೂಡಿಗೆರೆ ಕಡೆ ನಮ್ಮದು ಸಣ್ಣ ಕಾಫಿ ತೋಟ. ಇಲ್ಲೂ ಒಂದು ವಾರಪತ್ರಿಕೆ ಬರುತ್ತದೆ. ನಾನು ಅದರಲ್ಲಿ ಏನು ಓದುತ್ತೇನೆ ಗೊತ್ತಾ? ಯಾರು ತೀರಿಕೊಂಡರು, ಯಾವ ಊರಿನ ಹಬ್ಬ ಯಾವಾಗ, ಕರೆಂಟ್ ಯಾವತ್ತು ಇರುವುದಿಲ್ಲ. ರಾಜಕೀಯ ಲೇಖನ ನಮ್ಮ ಯಜಮಾನರೂ ಓದುವುದಿಲ್ಲ.

ಕಾಫಿ ರೇಟ್ ಹಾಕುತ್ತಾರೆ, ಆದರೆ ಹೇಗೆ? "ರೋಬಸ್ಟಾ ಚೆರ್ರಿ 50 ಕೆಜಿಗೆ ಇಷ್ಟರಿಂದ ಇಷ್ಟು" ಅಂತ. ಆ ಎರಡು ಸಂಖ್ಯೆ ನಡುವೆ ಸಾವಿರಗಟ್ಟಲೆ ವ್ಯತ್ಯಾಸ. ನಮಗೆ ಬೇಕಾಗಿರುವುದು ಓಟಿ (ಚೆರ್ರಿಯಿಂದ ಸಿಗುವ ಕಾಫಿ ಬೀಜದ ಪ್ರಮಾಣ) ಎಷ್ಟಕ್ಕೆ ಆ ರೇಟು, ತೇವಾಂಶ ಎಷ್ಟಿದ್ದರೆ ಎಷ್ಟು ಕಡಿತ, ಯಾವ ಊರಿನಲ್ಲಿ. ಚೆರ್ರಿ ಮಾರುವಾಗ ನಡೆಯುವುದೆಲ್ಲ ಓಟಿ ಮೇಲೆ ತಾನೆ. ಸಕಲೇಶಪುರದಲ್ಲಿ, ಮೂಡಿಗೆರೆಯಲ್ಲಿ, ಚಿಕ್ಕಮಗಳೂರಿನಲ್ಲಿ ಒಂದೇ ಓಟಿಗೆ ಅದೇ ದಿನ ಎಷ್ಟು ಕೊಟ್ಟರು ಅಂತ ಪಕ್ಕಪಕ್ಕ ಹಾಕಿದರೆ ನಾನು ಕಣ್ಣು ಮುಚ್ಚಿ ಚಂದಾ ಕಟ್ಟುತ್ತೇನೆ.

ಇನ್ನೊಂದು ಆಸೆ ಇದೆ, ನಗಬೇಡಿ. ಮಳೆ ಲೆಕ್ಕ. ನಮ್ಮ ಕಡೆ ಪ್ರತಿ ತೋಟದಲ್ಲೂ ಮಳೆಮಾಪಕ ಇದೆ. ನಮ್ಮ ಮಾವನವರ ಕಾಲದ ಡೈರಿಯಿಂದ ಹಿಡಿದು ಇಂಚು, ಸೆಂಟು (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆದಿಟ್ಟಿದ್ದೇವೆ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮಾರನೇ ದಿನ ಫೋನ್‌ನಲ್ಲಿ ಎಲ್ಲರೂ ಕೇಳುವುದು ಒಂದೇ: "ನಿಮ್ಮಲ್ಲಿ ಎಷ್ಟು ಬಿತ್ತು?" ಆಮೇಲೆ ಬ್ಯಾಕಿಂಗ್ ಮಳೆ, ಅಂದರೆ ಹೂ ಕಾಯಿಕಟ್ಟಲು ಬೇಕಾದ ಎರಡನೇ ಮಳೆ, ಸರಿಯಾಗಿ ಬಂತಾ ಇಲ್ಲವಾ. ಸರ್ಕಾರದ ವಿಪತ್ತು ಉಸ್ತುವಾರಿ ಕೇಂದ್ರದವರು ಪಂಚಾಯಿತಿ ಮಟ್ಟದ ಮಳೆ ಲೆಕ್ಕ ಇಡುತ್ತಾರೆ, ನಿಜ. ಆದರೆ ಪಕ್ಕದ ಎಸ್ಟೇಟಿನ ಲೆಕ್ಕದ ಮೇಲೆ ಇರುವ ನಂಬಿಕೆಯೇ ಬೇರೆ. ಒಂದೊಂದು ಹೋಬಳಿಗೆ ನಾಲ್ಕು ಮನೆಯವರು ಬುಧವಾರ ಬೆಳಿಗ್ಗೆ ಮೆಸೇಜ್ ಮಾಡಿದರೆ ನಿಮಗೆ ಕಾಲು ಪುಟ ತುಂಬುತ್ತದೆ. ಲೆಕ್ಕ ಕಳಿಸಿದವರೆಲ್ಲ ಪತ್ರಿಕೆ ಕೊಳ್ಳುತ್ತಾರೆ, ತಮ್ಮ ತೋಟದ ಹೆಸರು ನೋಡುವುದಕ್ಕಾದರೂ.

ಘಟ್ಟದಂಚಿನವನು

ಅಕ್ಕಾ, ನಗುವುದೇನು, ಇದನ್ನು ಬರೆದಿಟ್ಟುಕೊಂಡೆ. ಓಟಿ ಲೆಕ್ಕ ವ್ಯಾಪಾರಿಗಳು ಬಾಯಿಬಿಟ್ಟು ಹೇಳುತ್ತಾರಾ ಅನ್ನುವುದೇ ಅನುಮಾನ.

ತೋಟದ ಮನೆ

ವ್ಯಾಪಾರಿಗಳನ್ನು ಯಾಕೆ ಕೇಳುತ್ತೀರಿ? ಮಾರಿದವರನ್ನು ಕೇಳಿ. ಚೀಟಿ ಕೈಯಲ್ಲೇ ಇರುತ್ತದೆ. ಹೆಸರು ಹಾಕಬೇಡಿ ಅಷ್ಟೇ.

ಹಳೇ ಕಂಪೋಸಿಟರ್

ಅಚ್ಚಿನ ಮೊಳೆ ಜೋಡಿಸುವ ಕಾಲದಿಂದ ಪ್ರೆಸ್‌ನಲ್ಲಿ ಇದ್ದವನು. ಈಗ ಹಾಸನದಲ್ಲಿ ಆಫ್‌ಸೆಟ್ ಕೆಲಸ. ಸಂಪಾದಕರಿಗೆ ಪ್ರೆಸ್ ಲೆಕ್ಕ ಗೊತ್ತಿಲ್ಲದೆ ಎಷ್ಟು ದುಡ್ಡು ಸೋರುತ್ತದೆ ಅಂತ ನೋಡಿದ್ದೇನೆ.

ಎಂಟು ಪುಟದ ಟ್ಯಾಬ್ಲಾಯ್ಡ್ ಅಂದರೆ ಒಂದೇ ದೊಡ್ಡ ಹಾಳೆ. ಒಂದು ಬದಿಯಲ್ಲಿ 1, 8, 4, 5. ಇನ್ನೊಂದು ಬದಿಯಲ್ಲಿ 2, 7, 3, 6. ಒಂದು ಬದಿ ಕಲರ್ ಮಾಡಿಸಿದರೆ ನಾಲ್ಕು ಬಣ್ಣದ ಪ್ಲೇಟ್ ಹೋಗುತ್ತದೆ. ಕಪ್ಪುಬಿಳುಪು ಬದಿಗೆ ಒಂದೇ ಬಣ್ಣ ಸಾಕು. ಆದ್ದರಿಂದ ಕಲರ್ ಬೇಕೆಂದರೆ ಮುಖಪುಟ, ಕೊನೆ ಪುಟ, ನಡುವಿನ 4-5 ಮಾತ್ರ ಇಟ್ಟುಕೊಳ್ಳಿ. ಒಬ್ಬರು ಎರಡನೇ ಪುಟಕ್ಕೆ ಕಲರ್ ಜಾಹೀರಾತು ಒಪ್ಪಿಕೊಂಡು ಬಂದಿದ್ದರು. ಆ ಒಂದು ಜಾಹೀರಾತಿಗಾಗಿ ಇನ್ನೊಂದು ಬದಿಯೂ ಪೂರ್ತಿ ಕಲರ್. ಬಂದ ದುಡ್ಡೆಲ್ಲ ಪ್ಲೇಟಿಗೇ ಹೋಯಿತು.

ಪ್ಲೇಟ್ ಖರ್ಚು ಐನೂರು ಪ್ರತಿಗೂ ಅಷ್ಟೇ, ಐದು ಸಾವಿರಕ್ಕೂ ಅಷ್ಟೇ. ಮೇಲಿಂದ ಬಣ್ಣ ಕೂರುವ ತನಕ ಒಂದಷ್ಟು ಹಾಳೆ ವೇಸ್ಟ್ ಆಗಲೇಬೇಕು. ಸಣ್ಣ ಪತ್ರಿಕೆಗೆ ಪೆಟ್ಟು ಬೀಳುವುದು ಅಲ್ಲೇ. ಪ್ರತಿ ಜಾಸ್ತಿ ಮಾಡಿದಷ್ಟೂ ಒಂದೊಂದರ ಖರ್ಚು ಇಳಿಯುತ್ತದೆ. ಆದರೆ ಮಾರಾಟ ಆಗದ ಪ್ರತಿ ಹೆಚ್ಚಿಸಿದರೆ ರದ್ದಿ ಅಂಗಡಿಯವನು ಬೆಳೆಯುತ್ತಾನೆ, ನೀವಲ್ಲ.

ಬಸ್‌ಸ್ಟ್ಯಾಂಡ್ ಏಜೆಂಟ್

ಕಂಪೋಸಿಟರ್ ಅಣ್ಣ ಸರಿಯಾಗಿ ಹೇಳಿದರು. ನನ್ನದು ಪೇಪರ್ ಏಜೆನ್ಸಿ. ಬೆಳಗಿನ ಜಾವ ಬಂಡಲ್ ಇಳಿಸಿಕೊಂಡು ಲೈನ್ ಹುಡುಗರಿಗೆ ಹಂಚುವುದು ಕೆಲಸ. ವಾರಪತ್ರಿಕೆಯವರ ಬಗ್ಗೆ ನಮ್ಮ ದೂರು ಮೂರು.

ವಾರ ಸರಿಯಿಲ್ಲ. ಗುರುವಾರ ಅಂತಾರೆ, ಒಂದು ವಾರ ಶುಕ್ರವಾರ ಬರುತ್ತದೆ, ಒಂದು ವಾರ ಬರುವುದೇ ಇಲ್ಲ, ಆಮೇಲೆ ಎರಡು ಸಂಚಿಕೆ ಒಟ್ಟಿಗೆ. ಗಿರಾಕಿ ಎರಡು ಸಲ ಕೇಳುತ್ತಾನೆ, ಮೂರನೇ ಸಲ ಕೇಳುವುದಿಲ್ಲ. ಬರವಣಿಗೆ ಎಷ್ಟು ಚೆನ್ನಾಗಿದ್ದರೂ ಅಷ್ಟೇ.

ರಿಟರ್ನ್ ತೆಗೆದುಕೊಳ್ಳುವುದಿಲ್ಲ. ಹಾಗಾದರೆ ನಾನು ಇಪ್ಪತ್ತು ಕೇಳುವ ಕಡೆ ಹತ್ತೇ ಕೇಳುತ್ತೇನೆ. ನನಗೆ ರಿಸ್ಕ್ ಬೇಡ. ಮೊದಲ ಆರು ತಿಂಗಳು ರಿಟರ್ನ್ ತೆಗೆದುಕೊಂಡು ನೋಡಿ. ವಾಪಸ್ ಬಂದ ಪ್ರತಿ ಎಣಿಸಿದರೆ ಯಾವ ಊರಿನಲ್ಲಿ ಯಾವ ಸಂಚಿಕೆ ಓಡಿತು ಅಂತ ನಿಮಗೇ ತಿಳಿಯುತ್ತದೆ. ಅದಕ್ಕಿಂತ ಒಳ್ಳೆ ಸರ್ವೆ ಬೇರೆ ಇಲ್ಲ.

ಮೂರನೆಯದು, ಲೆಕ್ಕ ಕೇಳಲು ಬರುವುದೇ ಇಲ್ಲ. ವರ್ಷಕ್ಕೊಮ್ಮೆ ಬಂದು ಬಾಕಿ ಅಂದರೆ ಯಾರು ಕೊಡುತ್ತಾರೆ ಕಣ್ರೀ? ತಿಂಗಳ ಮೊದಲ ವಾರ ಬನ್ನಿ. ಒಂದು ಟೀ ಕುಡಿಯಿರಿ, ದುಡ್ಡು ಇಸ್ಕೊಂಡು ಹೋಗಿ. ಜೊತೆಗೆ ಊರ ಸುದ್ದಿಯೂ ಸಿಗುತ್ತದೆ. ಬಸ್‌ಸ್ಟ್ಯಾಂಡಿಗೆ ಬರದ ಸುದ್ದಿ ಯಾವುದು?

ಏಜೆಂಟ್ ಇಲ್ಲದ ಹಳ್ಳಿಗೆ ಪೋಸ್ಟ್ ಮಾಡಿ. ನೋಂದಾಯಿತ ಪತ್ರಿಕೆಗೆ ಅಂಚೆಯಲ್ಲಿ ರಿಯಾಯಿತಿ ದರ ಇದೆ, ಪೈಸೆ ಲೆಕ್ಕದ್ದು. ಆದರೆ ಗೊತ್ತುಪಡಿಸಿದ ದಿನ, ಗೊತ್ತುಪಡಿಸಿದ ಅಂಚೆ ಕಚೇರಿಯಲ್ಲೇ ಹಾಕಬೇಕು.

ಘಟ್ಟದಂಚಿನವನು

ಎಲ್ಲ ಕಣ್ಣಿಗೆ ಕಟ್ಟುವ ಹಾಗೆ ಹೇಳಿದಿರಿ. ಈಗ ಅನುಮಾನಪ್ಪನವರ ಪ್ರಶ್ನೆಗೆ ಬರುತ್ತೇನೆ. ಹುಟ್ಟುಹಬ್ಬದ ಜಾಹೀರಾತು ನಿಲ್ಲಿಸಿದರೆ ಮೂರು ತಿಂಗಳಲ್ಲಿ ಬಾಗಿಲು ಹಾಕಬೇಕು. ಹಾಕುತ್ತಾ ಹೋದರೆ ಅವರ ಮೇಲೆ ಒಂದು ಸಾಲು ಬರೆಯಲಾಗುವುದಿಲ್ಲ. ಹೋದ ತಿಂಗಳು ಒಂದು ರಸ್ತೆ ಕಾಮಗಾರಿ ಬಗ್ಗೆ ಬರೆದೆ. ಗುತ್ತಿಗೆದಾರರು ಫೋನ್ ಮಾಡಿ "ದೀಪಾವಳಿಗೆ ಅರ್ಧ ಪುಟ ಕೊಟ್ಟವರು ಯಾರು, ನೆನಪಿದೆಯಾ?" ಅಂದರು. ಏನು ಮಾಡುವುದು?

ಬಯಲುಸೀಮೆ ವಾರದವರು

ಜಾಹೀರಾತು ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಜಾಹೀರಾತಿಲ್ಲದೆ ಪತ್ರಿಕೆ ನಡೆಸಿ ತೋರಿಸಿದ ದೊಡ್ಡವರು ಕನ್ನಡದಲ್ಲಿ ಇದ್ದಾರೆ. ಅವರಿಗೆ ರಾಜ್ಯಪೂರ್ತಿ ಓದುಗರಿದ್ದರು. ನಮಗೆ ಮೂರು ತಾಲ್ಲೂಕು.

ಆದರೆ ವ್ಯವಹಾರ ಬದಲಾಯಿಸಬಹುದು. ಒಂದು ದರಪಟ್ಟಿ ಪ್ರಿಂಟ್ ಮಾಡಿಸಿ, ಕಾಲಂ ಸೆಂಟಿಮೀಟರಿಗೆ ಇಷ್ಟು ಅಂತ. ಮುಖಂಡರಿಗೂ ಅದೇ, ದಿನಸಿ ಅಂಗಡಿಗೂ ಅದೇ. ಶುಭಾಶಯದ ಜಾಹೀರಾತು ಮುಂಗಡ ದುಡ್ಡಿಗೆ ಮಾತ್ರ. ಬಾಕಿ ಇಟ್ಟವರ ಮುಲಾಜು ಮುಂಗಡ ಕೊಟ್ಟವರ ಮುಲಾಜಿಗಿಂತ ಹತ್ತು ಪಟ್ಟು ಜಾಸ್ತಿ. ಇದು ಯಾಕೋ ಯಾರಿಗೂ ಹೊಳೆಯುವುದಿಲ್ಲ. ಬರಬೇಕಾದ ದುಡ್ಡು ಅವರ ಜೇಬಿನಲ್ಲಿ ಇರುವಷ್ಟು ದಿನ ನಿಮ್ಮ ಪೆನ್ನೂ ಅಲ್ಲೇ ಇರುತ್ತದೆ. ಆರು, ಏಳನೇ ಪುಟ ಬಿಟ್ಟು ಬೇರೆ ಎಲ್ಲೂ ಶುಭಾಶಯ ಹಾಕಬೇಡಿ. ಮುಖಪುಟದಲ್ಲಂತೂ ಬೇಡವೇ ಬೇಡ. ಶುಭಾಶಯ ಬಂದ ವಾರ ಅದೇ ಮುಖಂಡರ ಸಾಧನೆಯ ಲೇಖನ ಬರಕೂಡದು. ಓದುಗರು ದಡ್ಡರಲ್ಲ.

ಇನ್ನು ಸಣ್ಣ ಜಾಹೀರಾತು. ನಿಮ್ಮ ಕಡೆ ಎಷ್ಟಿದೆ! ಕಾಫಿ ಸಸಿ, ಮೆಣಸಿನ ಬಳ್ಳಿ, ಮರಗಸಿ ಮಾಡುವವರು, ಪಲ್ಪರ್ ರಿಪೇರಿ, ಬೋರ್‌ವೆಲ್, ಡ್ರೈಯಿಂಗ್ ಯಾರ್ಡ್ ಕಾಂಕ್ರೀಟ್, ಸೋಲಾರ್ ಬೇಲಿ, ಹೋಂಸ್ಟೇಗೆ ಅಡುಗೆಯವರು. ನಾಲ್ಕು ಸಾಲು, ಕಡಿಮೆ ದುಡ್ಡು, ನಾಲ್ಕು ವಾರಕ್ಕೆ ಒಟ್ಟಿಗೆ ಕಟ್ಟಿಸಿಕೊಳ್ಳಿ. ಇವರು ಯಾರೂ ಫೋನ್ ಮಾಡಿ ಸುದ್ದಿ ನಿಲ್ಲಿಸಿ ಅನ್ನುವುದಿಲ್ಲ. ಐವತ್ತು ಜನ ಸಣ್ಣವರು ಒಬ್ಬ ದೊಡ್ಡವನಿಗೆ ಸಮ.

ವರ್ಷದ ಕ್ಯಾಲೆಂಡರ್ ಗೋಡೆಗೆ ಹಾಕಿಕೊಳ್ಳಿ. ಮೇ ಹೊತ್ತಿಗೆ ಹಾಸನದಲ್ಲಿ ಬಿತ್ತನೆ ಆಲೂಗಡ್ಡೆ, ಗೊಬ್ಬರ, ಔಷಧಿ ಅಂಗಡಿಯವರು. ಸೊಸೈಟಿಗಳು ಸೆಪ್ಟೆಂಬರ್ 25ರೊಳಗೆ ಮಹಾಸಭೆ ಮುಗಿಸಬೇಕು, ಆದ್ದರಿಂದ ಆಗಸ್ಟ್‌ನಲ್ಲೇ ಕಾರ್ಯದರ್ಶಿಗಳನ್ನು ನೋಡಿ ಬನ್ನಿ. ಕಾಫಿ ಕುಯ್ಲು ಮುಗಿದು ಕೈಗೆ ದುಡ್ಡು ಬರುವ ಫೆಬ್ರವರಿ, ಮಾರ್ಚ್‌ನಲ್ಲಿ ಚಂದಾ ಅಭಿಯಾನ ಇಟ್ಟುಕೊಳ್ಳಿ. ಜುಲೈ ಮಳೆಯಲ್ಲಿ ಚಂದಾ ಕೇಳಿದರೆ ಯಾರೂ ಬಾಗಿಲೂ ತೆಗೆಯುವುದಿಲ್ಲ. ಹಾಸನಾಂಬೆ ಬಾಗಿಲು ತೆಗೆದಾಗ ವಿಶೇಷ ಸಂಚಿಕೆ ಎಲ್ಲರೂ ಮಾಡುತ್ತಾರೆ, ನೀವು ಬಿಟ್ಟರೂ ನಷ್ಟವಿಲ್ಲ.

ಕೊನೆಗೆ ಚಂದಾ. ಮುಖಬೆಲೆ 5 ರೂಪಾಯಿ ಅಂದರೆ 52 ವಾರಕ್ಕೆ 260. ಅದು ವರ್ಷದ ಮೊದಲೇ ಕೈಗೆ ಬರುವ ದುಡ್ಡು, ಏಜೆಂಟ್ ಕಮಿಷನ್ ಇಲ್ಲ. ಸಾವಿರ ಚಂದಾದಾರರು ಅಂದರೆ 2,60,000. ಆ ದುಡ್ಡು ಬ್ಯಾಂಕಿನಲ್ಲಿದ್ದರೆ ಗುತ್ತಿಗೆದಾರರ ಫೋನ್ ಬಂದಾಗ ನಿಮ್ಮ ದನಿಯೇ ಬೇರೆ ಇರುತ್ತದೆ.

ಅನುಮಾನಪ್ಪ

ಲೆಕ್ಕ ಚೆನ್ನಾಗಿದೆ ಸರ್, ಒಪ್ಪಿದೆ. ಆದರೆ ಸರ್ಕಾರಿ ಜಾಹೀರಾತಿನ ಮಾತೇ ಎತ್ತಲಿಲ್ಲ. ವಾರ್ತಾ ಇಲಾಖೆಯ ಮಾಧ್ಯಮ ಪಟ್ಟಿಗೆ ಸೇರಲೆಂದೇ ಎಷ್ಟು ಪತ್ರಿಕೆ ಹುಟ್ಟಿಲ್ಲ? ಮಾರುವುದು ನೂರು, ಕಾಗದದಲ್ಲಿ ತೋರಿಸುವುದು ಸಾವಿರಗಟ್ಟಲೆ.

ಬಯಲುಸೀಮೆ ವಾರದವರು

ಅದಕ್ಕೇ ಎತ್ತಲಿಲ್ಲ. ಪಟ್ಟಿಗೆ ಸೇರುವುದು ತಪ್ಪಲ್ಲ. ಸಣ್ಣ ಪತ್ರಿಕೆಗೆ ಅದರಿಂದ ಉಸಿರಾಡಲು ಅನುಕೂಲ. ಕೇಂದ್ರದ ಜಾಹೀರಾತು ನೀತಿಯಲ್ಲಿ 25,000 ಪ್ರತಿಯವರೆಗೂ ಸಣ್ಣ ಪತ್ರಿಕೆಯೇ, ನಾವೆಲ್ಲ ಅದರಲ್ಲೇ ಬರುತ್ತೇವೆ. ಆದರೆ ಆ ದುಡ್ಡು ಯಾವಾಗ ಬರುತ್ತದೆ ಅಂತ ದೇವರಿಗೇ ಗೊತ್ತು. ಸಂಬಳ, ಪ್ರೆಸ್ ಬಿಲ್ ಅದರ ಮೇಲೆ ನಿಲ್ಲಿಸಬೇಡಿ. ಬಂದರೆ ಒಂದು ಕಂಪ್ಯೂಟರ್ ತೆಗೆದುಕೊಳ್ಳಿ. ಸುಳ್ಳು ಪ್ರಸಾರ ಸಂಖ್ಯೆ ತೋರಿಸಿದರೆ ಮೊದಲು ಗೊತ್ತಾಗುವುದು ನಿಮ್ಮ ಬಂಡಲ್ ಕಟ್ಟುವ ಹುಡುಗನಿಗೆ. ಅವನ ಮುಂದೆ ಆಮೇಲೆ ಸತ್ಯದ ಮಾತು ಹೇಗೆ ಆಡುತ್ತೀರಿ?

ಕೋರ್ಟ್ ರಸ್ತೆ ವಕೀಲ

ಕಾಗದಪತ್ರದ ವಿಷಯ ಯಾರೂ ಹೇಳಿಲ್ಲ. ಪತ್ರಿಕೆ ಇನ್ನೂ ನಿಮ್ಮ ದೊಡ್ಡಪ್ಪನವರ ಹೆಸರಿನಲ್ಲೇ ಇದೆಯಾ? ಹಾಗಿದ್ದರೆ ಮೊದಲು ಅದನ್ನು ಸರಿಮಾಡಿ. 1867ರ ಹಳೆ ಕಾಯ್ದೆ ಹೋಗಿ ಪತ್ರಿಕೆ ಮತ್ತು ನಿಯತಕಾಲಿಕಗಳ ನೋಂದಣಿ ಕಾಯ್ದೆ, 2023 ಬಂದಿದೆ. ಜಾರಿಯಾದದ್ದು 2024ರ ಮಾರ್ಚ್ 1ರಿಂದ. ಪತ್ರಿಕೆ ನೋಂದಾಯಿಸುವ ಕಚೇರಿ, ಹಿಂದೆ ಆರ್‌ಎನ್‌ಐ ಅನ್ನುತ್ತಿದ್ದದ್ದು, ಈಗ ಪ್ರೆಸ್ ರಿಜಿಸ್ಟ್ರಾರ್ ಜನರಲ್. ಅರ್ಜಿ, ತಿದ್ದುಪಡಿ ಎಲ್ಲ ಪ್ರೆಸ್ ಸೇವಾ ಪೋರ್ಟಲ್‌ನಲ್ಲಿ. ಮಾಲೀಕತ್ವ ಬದಲಾವಣೆಯನ್ನೂ ಅಲ್ಲೇ ಮಾಡಿಸಿಕೊಳ್ಳಬೇಕು. ವಾರ್ಷಿಕ ವಿವರ ಸಲ್ಲಿಸುವುದನ್ನು ಮರೆತರೆ ದಂಡ ಇದೆ. ಸಂಪಾದಕ, ಪ್ರಕಾಶಕ, ಮುದ್ರಕ, ಮುದ್ರಣಾಲಯದ ಹೆಸರು ಪ್ರತಿ ಸಂಚಿಕೆಯಲ್ಲಿ ಸರಿಯಾಗಿರಲಿ. ತೀರಿಕೊಂಡವರ ಹೆಸರು ಸಂಪಾದಕರ ಜಾಗದಲ್ಲಿ ವರ್ಷಗಟ್ಟಲೆ ಮುಂದುವರಿದ ಪತ್ರಿಕೆಯನ್ನೂ ನಾನು ನೋಡಿದ್ದೇನೆ.

ಮಾನನಷ್ಟ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು. ಕಾಮಗಾರಿ ಕಳಪೆ ಅಂತ ಬರೆಯುವಾಗ ಅಳತೆ, ಫೋಟೊ, ದಾಖಲೆ ಪ್ರತಿ ಕೈಯಲ್ಲಿರಲಿ. ಗುತ್ತಿಗೆದಾರರ ಉತ್ತರವನ್ನೂ ಅದೇ ಸುದ್ದಿಯಲ್ಲಿ ಹಾಕಿ. "ಕಳ್ಳ" ಅನ್ನುವ ಪದ ಬೇಡ. "ಅಂದಾಜುಪಟ್ಟಿಯಲ್ಲಿ ಆರು ಇಂಚು, ಸ್ಥಳದಲ್ಲಿ ನಾಲ್ಕು ಇಂಚು" ಅಂದರೆ ಸಾಕು. ಪೋಕ್ಸೊ ಪ್ರಕರಣದಲ್ಲಿ ಮಗುವಿನ ಹೆಸರು ಮಾತ್ರವಲ್ಲ, ಮನೆ, ಶಾಲೆ, ಅಪ್ಪ ಅಮ್ಮನ ಹೆಸರು ಯಾವುದೂ ಬರಬಾರದು. ನಮ್ಮ ಸಣ್ಣ ಊರುಗಳಲ್ಲಿ ಬೀದಿ ಹೆಸರು ಹಾಕಿದರೂ ಗುರುತು ಸಿಕ್ಕಿಬಿಡುತ್ತದೆ. ಈ ವಿಷಯದಲ್ಲಿ ವಾರಪತ್ರಿಕೆಯವರು ಅಜಾಗರೂಕರು ಅಂತ ಬೇಸರದಿಂದಲೇ ಹೇಳುತ್ತೇನೆ.

ಆಲೂರು ಬಿಟ್ಟವನು

ನಾನು ಬೆಂಗಳೂರಿನಲ್ಲಿ ಇರುವವನು. ಅಪ್ಪ ಅಮ್ಮ ಊರಿನಲ್ಲೇ. ನನಗೆ ಊರಿನ ಸಾವು ಗೊತ್ತಾಗುವುದು ತಿಥಿ ಮುಗಿದ ಮೇಲೆ. ವಾರಕ್ಕೊಂದು ಪಿಡಿಎಫ್ ಮೊಬೈಲಿಗೆ ಬಂದರೆ ವರ್ಷದ ಚಂದಾ ಕೊಡಲು ಎರಡು ಸಲ ಯೋಚಿಸುವುದಿಲ್ಲ. ನನ್ನಂಥವರು ಪ್ರತಿ ಊರಿನಿಂದಲೂ ಇದ್ದಾರೆ, ಅಲ್ವಾ? ಹೊರಗಿರುವ ಮಕ್ಕಳು ದುಡ್ಡು ಕಟ್ಟಿ, ಪ್ರಿಂಟ್ ಊರಿನ ಮನೆಗೆ, ಪಿಡಿಎಫ್ ಮಕ್ಕಳಿಗೆ ಅಂತ ಒಂದೇ ಚಂದಾ ಮಾಡಿ. ನಿಧನವಾರ್ತೆಗೆ ಮಾತ್ರ ದುಡ್ಡು ತೆಗೆದುಕೊಳ್ಳಬೇಡಿ ಅಂತ ನನ್ನ ಕೋರಿಕೆ. ದೊಡ್ಡ ಫೋಟೊ ಹಾಕಿಸುವ ಶ್ರದ್ಧಾಂಜಲಿಗೆ ಬೇಕಾದರೆ ತೆಗೆದುಕೊಳ್ಳಿ. ಕೂಲಿ ಮಾಡಿ ಬದುಕಿದ ಅಜ್ಜಿಯ ಹೆಸರೂ ಎರಡು ಸಾಲಿನಲ್ಲಿ ಬರಲಿ.

ಘಟ್ಟದಂಚಿನವನು

ನಿಧನವಾರ್ತೆ ಈ ವಾರದಿಂದಲೇ ಉಚಿತ. ಇನ್ನೊಂದು ಪ್ರಶ್ನೆ ಉಳಿದಿದೆ. ಇದೆಲ್ಲ ಮಾಡಲು ಜನ ಎಲ್ಲಿ? ಹೋಬಳಿಗೆ ಒಬ್ಬ ವರದಿಗಾರನನ್ನು ಹಾಕೋಣ ಅಂದರೆ ಬಂದವರು ಮೊದಲು ಕೇಳುವುದು ಐಡಿ ಕಾರ್ಡ್ ಯಾವಾಗ ಅಂತ. ಒಬ್ಬರು ಕಾರ್ಡಿಗೆ ದುಡ್ಡು ಕೊಡುತ್ತೇನೆ ಅಂತಲೂ ಅಂದರು.

ಬಯಲುಸೀಮೆ ವಾರದವರು

ಆ ದುಡ್ಡು ಮುಟ್ಟಿದ ದಿನ ಪತ್ರಿಕೆ ಮುಗಿಯಿತು ಅಂದುಕೊಳ್ಳಿ. ಕಾರ್ಡಿಗೆ ಕೊಟ್ಟ ದುಡ್ಡನ್ನು ಅವನು ಯಾರ ಹತ್ತಿರ ವಾಪಸ್ ವಸೂಲಿ ಮಾಡುತ್ತಾನೆ? ಮರಳು ಲಾರಿಯವನ ಹತ್ತಿರ, ನ್ಯಾಯಬೆಲೆ ಅಂಗಡಿಯವನ ಹತ್ತಿರ. ಹೆಸರು ನಿಮ್ಮದು. ನಾವು ಆರು ತಿಂಗಳು ಬರೆಸಿ ನೋಡಿದ ಮೇಲೆ ಕಾರ್ಡ್ ಕೊಡುತ್ತಿದ್ದೆವು. ವರ್ಷಕ್ಕೆ ನವೀಕರಣ. ಬಿಟ್ಟು ಹೋದವರ ಕಾರ್ಡ್ ರದ್ದಾಗಿದೆ ಅಂತ ಪತ್ರಿಕೆಯಲ್ಲೇ ಹಾಕುತ್ತಿದ್ದೆವು.

ಅಚ್ಚಾದ ಪ್ರತಿ ಸುದ್ದಿಗೂ ಇಂತಿಷ್ಟು ಅಂತ ಕೊಡಿ. ಕಡಿಮೆಯಾದರೂ ಪರವಾಗಿಲ್ಲ, ತಿಂಗಳಿಗೆ ಸರಿಯಾಗಿ ಕೊಡಿ. ಪುಕ್ಕಟೆ ಬರೆಯುವವನು ಬೇರೆ ಕಡೆಯಿಂದ ತೆಗೆದುಕೊಳ್ಳುತ್ತಾನೆ. ಜಾಹೀರಾತು ತರುವವನೂ ಸುದ್ದಿ ಬರೆಯುವವನೂ ಒಬ್ಬನೇ ಆಗಬಾರದು. ನಮ್ಮಂಥ ಕಡೆ ಇದು ಕಷ್ಟ, ಗೊತ್ತಿದೆ. ಆದರೂ ನೀವು ಜಾಹೀರಾತಿನ ಬಾಕಿಗೆ ಹೋಗುವುದನ್ನು ಮೊದಲು ನಿಲ್ಲಿಸಿ. ಅರ್ಧ ದಿನಕ್ಕಾದರೂ ಒಬ್ಬರನ್ನು ಇಟ್ಟುಕೊಳ್ಳಿ. ಲೆಕ್ಕ ಬರೆಯಲು ಬರುವ ಹೆಣ್ಣುಮಗಳು ಸಿಕ್ಕರೆ ಇನ್ನೂ ಒಳ್ಳೆಯದು. ನಮ್ಮಲ್ಲಿ ವಸೂಲಿ ಸರಿಹೋಗಿದ್ದೇ ಹಾಗೆ.

ಬರೆಯುವವರನ್ನು ಹುಡುಕುವಾಗ ಪತ್ರಕರ್ತರನ್ನೇ ಹುಡುಕಬೇಡಿ. ಡಿಗ್ರಿ ಓದುವ ಹುಡುಗಿಯರು, ನಿವೃತ್ತ ಮೇಷ್ಟ್ರು, ಸ್ವಸಹಾಯ ಸಂಘದ ಲೆಕ್ಕ ಬರೆಯುವವರು. ಇವರಿಗೆ ಸುದ್ದಿ ಬರೆಯಲು ಬರದಿದ್ದರೂ ಏನಾಯಿತು ಅಂತ ಸರಿಯಾಗಿ ಹೇಳಲು ಬರುತ್ತದೆ. ತಿದ್ದುವುದು ನಿಮ್ಮ ಕೆಲಸ. ವಾರಕ್ಕೊಮ್ಮೆ, ಸಂಚಿಕೆ ಬಂದ ಮಾರನೇ ದಿನ, ಎಲ್ಲರನ್ನೂ ಕೂರಿಸಿಕೊಂಡು ಪತ್ರಿಕೆ ಜೋರಾಗಿ ಓದಿಸಿ. ತಪ್ಪು ಅವರ ಕಿವಿಗೇ ಬೀಳುತ್ತದೆ.

ಅನುಮಾನಪ್ಪ

ಮೇಷ್ಟ್ರನ್ನು ಹಾಕಿದರೆ ಸುದ್ದಿ ಪ್ರಬಂಧ ಆಗುತ್ತದೆ, ಎಚ್ಚರ.

ಹಳೇ ಕಂಪೋಸಿಟರ್

ಅದು ನಿಜ. ಪೀಠಿಕೆಯೇ ಅರ್ಧ ಕಾಲಂ ಬರುತ್ತದೆ.

ಪಿಡಿಎಫ್ ವಿಷಯಕ್ಕೆ ಒಂದು ಮಾತು. ನಿಮ್ಮ ಹುಡುಗ ಯಾವುದರಲ್ಲಿ ಪುಟ ಕಟ್ಟುತ್ತಾನೆ? ಹಳೆ ಪೇಜ್‌ಮೇಕರ್, ಹಳೆ ನುಡಿ ಅಥವಾ ಶ್ರೀಲಿಪಿ ಫಾಂಟ್ ಆದರೆ ಅಚ್ಚಿಗೆ ತೊಂದರೆಯಿಲ್ಲ. ಆದರೆ ಅದೇ ಸುದ್ದಿಯನ್ನು ವಾಟ್ಸಾಪಿಗೆ ಹಾಕಲು ಯುನಿಕೋಡ್‌ಗೆ ಬದಲಾಯಿಸಿದಾಗ ಅರ್ಕಾವತ್ತು ಅಲ್ಲಲ್ಲಿ ಜಾಗ ತಪ್ಪುತ್ತದೆ. ಊರಿನ ಹೆಸರು, ಮನುಷ್ಯರ ಹೆಸರು ಕೆಡುತ್ತದೆ. ಗೂಗಲ್‌ನಲ್ಲೂ ಸಿಗುವುದಿಲ್ಲ. ವರದಿಗಾರರು ಮೊಬೈಲಿನಲ್ಲಿ ಟೈಪ್ ಮಾಡಿ ಕಳಿಸುವುದು ಹೇಗೂ ಯುನಿಕೋಡ್‌ನಲ್ಲೇ. ಆ ಮೂಲ ಪ್ರತಿಯನ್ನು ತಿದ್ದಿ, ತಾರೀಕು ಹಾಕಿ ಬೇರೆ ಇಟ್ಟುಕೊಳ್ಳಿ. ಇನ್‌ಡಿಸೈನ್‌ಗೆ ಬಂದರೆ ಯುನಿಕೋಡ್‌ನಲ್ಲೇ ಪುಟ ಕಟ್ಟಬಹುದು, ಬದಲಾಯಿಸುವ ರಗಳೆಯೇ ಇರುವುದಿಲ್ಲ.

ದೊಡ್ಡಪ್ಪನವರ ಹಳೆ ಸಂಚಿಕೆ ಬೈಂಡ್ ಮಾಡಿಸಿಟ್ಟಿದ್ದಾರಾ? ಇದ್ದರೆ ಗೆದ್ದಲು ಹಿಡಿಯುವ ಮೊದಲು ಫೋಟೊ ತೆಗೆಸಿ. ನ್ಯೂಸ್‌ಪ್ರಿಂಟ್ ನಮ್ಮ ಮಲೆನಾಡಿನ ತೇವಕ್ಕೆ ಬೇಗ ಹಳದಿಯಾಗಿ ಪುಡಿಯಾಗುತ್ತದೆ.

ಘಟ್ಟದಂಚಿನವನು

ಇದೆ ಅಣ್ಣಾ, ಅಟ್ಟದ ಮೇಲೆ. ಹೇಮಾವತಿ ಅಣೆಕಟ್ಟೆಯಿಂದ ಮುಳುಗಡೆಯಾದವರ ಪುನರ್ವಸತಿಯ ಅರ್ಜಿಗಳ ಬಗ್ಗೆ ದೊಡ್ಡಪ್ಪ ಬರೆದದ್ದೆಲ್ಲ ಅದರಲ್ಲಿದೆ. ಅದರಲ್ಲಿ ಕೆಲವು ಅರ್ಜಿ ಇನ್ನೂ ಬಾಕಿ ಇವೆ ಅಂತ ಜನ ಹೇಳುತ್ತಾರೆ. ಮೂರನೇ ಪುಟಕ್ಕೆ ಮೊದಲ ಸಾಲು ಅಲ್ಲಿಂದಲೇ ತೆಗೆಯುತ್ತೇನೆ.

ಈಗ ಮಾಡುವುದು ಹೇಳುತ್ತೇನೆ, ತಪ್ಪಿದ್ದರೆ ಬೈಯಿರಿ. ಹಳೆ ಸುದ್ದಿಯ ಅರ್ಧ ಪುಟ ಈ ತಿಂಗಳೇ ಶುರು. ಓಟಿ ಲೆಕ್ಕ ಮತ್ತು ಮಳೆ ಲೆಕ್ಕಕ್ಕೆ ತೋಟದ ಮನೆ ಅಕ್ಕ ಹೇಳಿದ ಹಾಗೆ ಹೋಬಳಿಗೆ ನಾಲ್ಕು ಮನೆ ಹುಡುಕುತ್ತೇನೆ. ದರಪಟ್ಟಿ ಪ್ರಿಂಟಿಗೆ ಕೊಟ್ಟಾಯಿತು. ವಕೀಲರು ಹೇಳಿದ ಮಾಲೀಕತ್ವದ ಕೆಲಸಕ್ಕೆ ಸೋಮವಾರ ಕೂರುತ್ತೇನೆ. ಗುತ್ತಿಗೆದಾರರಿಗೆ ಅವರ ಉತ್ತರ ಬರೆದು ಕಳಿಸಿ, ಹಾಗೇ ಹಾಕುತ್ತೇನೆ ಅಂತ ಹೇಳಿದ್ದೇನೆ. ಇನ್ನೂ ಕಳಿಸಿಲ್ಲ. ಮುಂದಿನ ದೀಪಾವಳಿಗೆ ಅರ್ಧ ಪುಟ ಬರುವುದಿಲ್ಲ ಅಂತ ಲೆಕ್ಕ ಹಾಕಿಕೊಂಡೇ ನಡೆಯುತ್ತೇನೆ.

ಕಂಪೋಸಿಟರ್ ಅಣ್ಣಾ, ಗುರುವಾರ ಬೆಳಗಿನ ಮೊದಲ ಬಸ್ಸಿಗೆ ಬಂಡಲ್ ಹಾಕಬೇಕೆಂದರೆ ನಿಮಗೆ ಪುಟ ಯಾವಾಗ ಸಿಗಬೇಕು?

ಹಳೇ ಕಂಪೋಸಿಟರ್

ಬುಧವಾರ ಸಂಜೆ 7ರೊಳಗೆ. ಎಂಟಕ್ಕೆ ಬಂದರೆ ಮದುವೆ ಕಾರ್ಡಿನವರು ಮೆಷಿನ್ ಹಿಡಿದಿರುತ್ತಾರೆ. 4-5ನೇ ಪುಟ ಮೊದಲು ಕಳಿಸಿ, ಮುಖಪುಟ ಕೊನೆಗೆ.

ಬಸ್‌ಸ್ಟ್ಯಾಂಡ್ ಏಜೆಂಟ್

ನನಗೆ ಈ ವಾರ ಇಪ್ಪತ್ತು ಕಳಿಸಿ. ರಿಟರ್ನ್ ತೆಗೆದುಕೊಳ್ಳುತ್ತೀರಾ ಅಂತ ಮೊದಲು ಹೇಳಿ.

ಘಟ್ಟದಂಚಿನವನು

ತೆಗೆದುಕೊಳ್ಳುತ್ತೇನೆ. ಮೂವತ್ತು ಕಳಿಸುತ್ತೇನೆ.